ಶೀಟ್ ಸ್ಕ್ರೂ ಗಟ್ಟಿ, ಅದು ಕೂರುವ ಪೈಪು ಗಟ್ಟಿಯೇ?

ವಸ್ತು: ತಗಡಿನ ಚಾವಣಿ ಶೀಟನ್ನು ಕೆಳಗಿನ ಕಬ್ಬಿಣದ ಪೈಪಿಗೆ ಬಿಗಿಯುವ, ತಾನೇ ತೂತು ಕೊರೆದುಕೊಳ್ಳುವ (ಸೆಲ್ಫ್ ಡ್ರಿಲ್ಲಿಂಗ್) ಸ್ಕ್ರೂ, 5.5 × 55 ಎಂಎಂ. ಜೊತೆಗೆ ಇಪಿಡಿಎಂ ಎಂಬ, ಬಿಸಿಲು ಮಳೆ ತಾಳುವ ರಬ್ಬರಿನ ವಾಷರ್ ಇರುತ್ತದೆ. ದಾವಣಗೆರೆ, ಚಿತ್ರದುರ್ಗದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ 'ಶೀಟ್ ಸ್ಕ್ರೂ' ಅಂದರೆ ಕೊಡುತ್ತಾರೆ.

ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರದ ಫ್ಯಾನು ತಿರುಗಿಸುವ ಆಷಾಢದ ಗಾಳಿ ಹೆಚ್ಚುಕಡಿಮೆ ಒಂದೇ ದಿಕ್ಕಿನದು. ಶೀಟು ಹಾರಿಸುವುದು ಅದಲ್ಲ, ಅಶ್ವಿನಿ, ಭರಣಿ ಮಳೆಯ ಗುಡುಗಿನ ಜೊತೆ ಎಲ್ಲಿಂದಲೋ ನುಗ್ಗುವ ಗಾಳಿ. ಕಟ್ಟಡಗಳು ತಾಳಬೇಕಾದ ಭಾರ ಹೇಳುವ ಭಾರತೀಯ ಮಾನದಂಡ ಐಎಸ್ 875ರ ನಕ್ಷೆಯಲ್ಲಿರುವ ಅತಿ ಕಡಿಮೆ ಗಾಳಿವೇಗವೇ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಅಷ್ಟನ್ನೇ ಹಿಡಿದರೂ ಒತ್ತಡ ಚದರ ಮೀಟರಿಗೆ 65 ಕೆ.ಜಿ. ದಾಟುತ್ತದೆ. ಅರ್ಧ ಎಂಎಂ ಶೀಟಿನ ತೂಕ ಅಷ್ಟೇ ಜಾಗಕ್ಕೆ ನಾಲ್ಕೈದು ಕೆ.ಜಿ. ಮಾತ್ರ. ಸೂರಿನ ಅಂಚು, ಮೂಲೆಗಳಲ್ಲಿ ಎಳೆತ ಇನ್ನೂ ಹೆಚ್ಚು. ಗಾಳಿ ಬರುವ ಕಡೆ ಶಟರ್ ತೆರೆದಿದ್ದರೆ ಒಳಗಿಂದಲೂ ಎತ್ತುತ್ತದೆ. ಸೂರಿನ ಮೇಲೆ ಸೈಜುಗಲ್ಲು ಸಾಲಾಗಿ ಇಡುವುದು ಇದಕ್ಕೆ ಉತ್ತರವಲ್ಲ. ಶೀಟು ಎದ್ದರೆ ಕಲ್ಲು ಮಲಗಿದವರ ಮೇಲೇ ಬೀಳುತ್ತದೆ.

ಸ್ಕ್ರೂ ಬಗ್ಗೆ ತಕರಾರಿಲ್ಲ. 2 ಎಂಎಂ ದಪ್ಪದ ಪೈಪಿನಲ್ಲಿ ಸರಿಯಾಗಿ ಕೂತರೆ ಸಾಮಾನ್ಯವಾಗಿ ಸ್ಕ್ರೂ ಕೀಳುವ ಮೊದಲು ಶೀಟೇ ಹರಿಯುತ್ತದೆ. ಆದರೆ ಕಾಸು ಉಳಿಸಲು 1.2 ಎಂಎಂ ಪೈಪು ಹಾಕಿದರೆ ಸ್ಕ್ರೂವಿನ ದಾರಕ್ಕೆ (ಮೈಮೇಲಿನ ಸುರುಳಿ ಗೆರೆಗೆ) ಹಿಡಿತ ಸಾಲುವುದಿಲ್ಲ. ಗಾಳಿಯ ನಾಲ್ಕು ಅಲುಗಾಟಕ್ಕೆ ಸಡಿಲವಾಗುತ್ತದೆ. ಕೂತ ಮೇಲೆ ಪೈಪಿನ ತಗಡಿನ ಆಚೆ ಕನಿಷ್ಠ ಮೂರು ಸುತ್ತು ದಾರ ದಾಟಿರಬೇಕು. ಮರದ ತೊಲೆಗೆ ಈ ಸ್ಕ್ರೂ ಬೇಡ, ಮರಕ್ಕೆಂದೇ ಅಗಲ ದಾರದ್ದು ಸಿಗುತ್ತದೆ.

ಕೊಳ್ಳುವಾಗ ನೋಡಬೇಕಾದ್ದು ವಾಷರ್. ಇಪಿಡಿಎಂ ಹೆಸರಲ್ಲಿ ಪಿವಿಸಿ ವಾಷರ್ ಇರುವ ಡಬ್ಬಿಯೂ ಬರುತ್ತದೆ. ಬಿಡಿಸಿ ಮಡಚಿ ಬಿಡಿ: ಒಳ್ಳೆಯ ರಬ್ಬರ್ ತಟ್ಟನೆ ನೆಟ್ಟಗಾಗುತ್ತದೆ, ಪಿವಿಸಿಗೆ ಗೆರೆ ಉಳಿಯುತ್ತದೆ. ಚಳ್ಳಕೆರೆ ಬಿಸಿಲಿಗೆ ಆ ಪಿವಿಸಿ ಬಿರಿಯಲು ಹೆಚ್ಚು ಕಾಲ ಬೇಡ. ಆಮೇಲೆ ಸೋರಿಕೆ, ತೂತಿನ ಸುತ್ತ ತುಕ್ಕು, ತೂತು ಅಗಲವಾಗುವುದು, ಕೊನೆಗೆ ಶೀಟು ಸ್ಕ್ರೂವಿನ ತಲೆಯ ಮೇಲಿಂದ ಕಳಚಿ ಬರುವುದು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಉಪ್ಪು, ಹೊಗೆ, ಕಾವು ಮೂರೂ ಸೇರುವುದರಿಂದ ಬರೀ ಸತು ಲೇಪನದ ಸ್ಕ್ರೂಗೆ ತುಕ್ಕು ಬೇಗ ಹತ್ತುತ್ತದೆ. ಅಲ್ಲಿ ದಪ್ಪ ಲೇಪನದ್ದನ್ನೇ ಕೇಳಿ, ಪ್ರತಿ ಮಾರ್ಚ್‌ನಲ್ಲಿ ಒಮ್ಮೆ ಮೇಲೆ ಹತ್ತಿ ನೋಡಿ.

ಬಿಗಿ ಮಾಡುವಾಗ ವಾಷರ್ ಲೋಹದ ತಟ್ಟೆಯ ಅಂಚಿನವರೆಗೆ ಉಬ್ಬಿದರೆ ಸಾಕು. ಹೊರಗೆ ಚೆಲ್ಲಿದರೆ ಹೆಚ್ಚಾಯಿತು, ಬೆರಳಿಗೆ ತಿರುಗಿದರೆ ಕಡಿಮೆಯಾಯಿತು. ಇಂಪ್ಯಾಕ್ಟ್ ಮೆಷಿನ್ನಿನಲ್ಲಿ ಜೋರಾಗಿ ಒತ್ತಿ ವಾಷರ್ ಹರಿಯುವುದು ವೆಲ್ಡಿಂಗ್ ಅಂಗಡಿಯ ಹುಡುಗರ ನಿತ್ಯದ ತಪ್ಪು. ಕೊರೆದ ಕಬ್ಬಿಣದ ಚೂರನ್ನು ಅವತ್ತೇ ಗುಡಿಸದಿದ್ದರೆ ಮೊದಲ ಮಳೆಗೇ ಶೀಟಿನ ತುಂಬ ಕೆಂಪು ಚುಕ್ಕಿ.

ಎಷ್ಟು ಬೇಕು? 30 ಅಡಿ ಅಗಲ, 20 ಅಡಿ ಇಳಿಜಾರಿನ ಮನೆಗೆ 4 ಅಡಿಗೊಂದರಂತೆ ಆರು ಸಾಲು ಪೈಪು, ಮೀಟರ್ ಅಗಲದ ಹತ್ತು ಶೀಟು. ಮೊದಲ, ಕೊನೆಯ ಸಾಲಿಗೆ ಶೀಟಿಗೆ ಐದೈದು, ನಡುವಿನ ಸಾಲುಗಳಿಗೆ ಮೂರು ಮೂರು: ಒಟ್ಟು 220. ಶೀಟಿಗೆ ಶೀಟು ಸೇರುವ ಕಡೆ ಒಂದೂವರೆ ಅಡಿಗೊಂದು ಚಿಕ್ಕ ಸ್ಕ್ರೂ, ಅದು ಸುಮಾರು 120. ಕೂಲಿಗೆ ಗುತ್ತಿಗೆ ಕೊಟ್ಟಾಗ ಇದರ ಅರ್ಧವೂ ಹಾಕುವುದಿಲ್ಲ. ಎಣಿಸಿ ಕೊಟ್ಟು, ಉಳಿದದ್ದನ್ನು ಎಣಿಸಿ ವಾಪಸ್ ತೆಗೆದುಕೊಳ್ಳಿ.

ಇಷ್ಟು ಮಾಡಿದರೂ ಒಂದು ಕೊರತೆ ಉಳಿಯುತ್ತದೆ, ಅದು ಈ ಡಬ್ಬಿಯಲ್ಲಿ ಸಿಗುವಂಥದ್ದಲ್ಲ. ನಮ್ಮ ಕಡೆ ಪೈಪನ್ನು ಹಾಲೋ ಬ್ಲಾಕ್ ಗೋಡೆಯ ಮೇಲೆ ಇಟ್ಟು ಎರಡು ಬಾಣಲಿ ಗಾರೆ ಮೆತ್ತುತ್ತಾರೆ. ಸ್ಕ್ರೂ ಗಟ್ಟಿಯಾದಷ್ಟೂ ಶೀಟು ಪೈಪಿನ ಸಮೇತ ಎದ್ದುಹೋಗುತ್ತದೆ, ಮೇಲಿನ ಒಂದೆರಡು ವರಸೆ ಬ್ಲಾಕನ್ನೂ ಕಿತ್ತುಕೊಂಡು. ಗೋಡೆಯ ತಲೆಗೆ ಸುತ್ತಲೂ ಕಾಂಕ್ರೀಟ್ ಬೆಲ್ಟ್, ಅದರೊಳಗೆ ಮೊದಲೇ ಬಗ್ಗಿಸಿ ಹೂತ 10 ಎಂಎಂ ಸರಳು, ಆ ಸರಳಿಗೆ ಪ್ರತಿ ಪೈಪಿನ ಎರಡೂ ತುದಿ ವೆಲ್ಡ್ ಆಗಬೇಕು. ಸೂರು ಒಂದೂವರೆ ಅಡಿಗಿಂತ ಹೆಚ್ಚು ಚಾಚಬಾರದು.

ಸಿಮೆಂಟ್ ಶೀಟಿಗೆ ಈ ಸ್ಕ್ರೂ ನೇರ ಹೊಡೆಯಬೇಡಿ, ಸೀಳುತ್ತದೆ. ಅದಕ್ಕೆ 8 ಎಂಎಂ ಜೆ ಹುಕ್ ಇದೆ, ತೂತು ಹುಕ್ಕಿಗಿಂತ ಎರಡು ಎಂಎಂ ದೊಡ್ಡದಿರಲಿ. ಕಲ್ನಾರಿನ (ಆಸ್ಬೆಸ್ಟಾಸ್) ಶೀಟಾದರೆ ನೀರು ಚಿಮುಕಿಸಿಯೇ ಕೊರೆಯಿರಿ, ಆ ಪುಡಿ ಶ್ವಾಸಕೋಶಕ್ಕೆ ವಿಷ. ಇನ್ನು ತಗಡಿನ ಶೀಟಿನಲ್ಲಿ ಒಮ್ಮೆ ಸಡಿಲವಾದ ತೂತಿಗೆ ಅದೇ ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ, ಅಲ್ಲಿ 6.3 ಎಂಎಂ ದಪ್ಪದ್ದು ಹಾಕಬೇಕು.