ಗಾಳಿಗೆ ಯಾವ ಪೋರ್ಚ್ ಆನಿಂಗ್ ನಿಲ್ಲುತ್ತೆ: ಕಂಬದ್ದಾ, ಪಂಪ್ ಹೊಡೆಯೋದಾ?

ಯುಕೆಲಿ ಟೂರಿಂಗ್ ಕ್ಯಾರವಾನ್ (ಕಾರಿನ ಹಿಂದೆ ಎಳ್ಕೊಂಡು ಹೋಗೋ ಚಕ್ರದ ಮನೆ) ತಗೊಂಡಿರೋ ನಮ್ಮ ಪರಿಚಯದೋರು ಕೇಳೋ ಮೊದಲ್ನೇ ಪ್ರಶ್ನೆನೇ ಇದು, ಬಾಗಿಲ ಮುಂದೆ ಡೇರೆ ಥರ ಹಾಕೋ ಬಟ್ಟೆ ಕೋಣೆ, ಅಂದ್ರೆ ಪೋರ್ಚ್ ಆನಿಂಗ್, ಕಂಬದ್ದು ತಗೊಳ್ಳೋದಾ ಇಲ್ಲ ಪಂಪ್ ಹೊಡೆದು ಗಾಳಿ ತುಂಬೋದಾ ಅಂತ. ನಾನು ಎರಡನ್ನೂ ಬಳಸಿದೀನಿ, ಸ್ಟೀಲ್ ಕಂಬದ್ದು ಮೊದಲಿಂದ ಇತ್ತು, ಏರ್ ಆನಿಂಗ್ ಆಮೇಲೆ ಬಂತು, ಮಧ್ಯೆ ಸ್ನೇಹಿತರ ಫೈಬರ್‌ಗ್ಲಾಸ್ ಕಂಬದ್ದೂ ಒಂದು ಬೇಸಿಗೆ ಪೂರ್ತಿ ನಮ್ಮ ಹತ್ರಾನೇ ಇತ್ತು. ನಾವು ಹೋಗೋದು ಜಾಸ್ತಿ ಪೆಂಬ್ರೋಕ್‌ಶೈರ್, ಆಂಗಲ್‌ಸೀ, ಒಮ್ಮೊಮ್ಮೆ ನಾರ್ತಂಬರ್‌ಲ್ಯಾಂಡ್ ಕಡೆ, ಎಲ್ಲಾ ಸಮುದ್ರದ ಪಕ್ಕದ ಬಯಲು ಜಾಗಗಳು, ಹಾಗಾಗಿ ನಾನು ಹೇಳೋದೆಲ್ಲ ಅಂಥ ಗಾಳಿಗೆ, ಕಾಡಿನ ಮರೆಯಲ್ಲಿರೋ ಸೈಟಿಗಲ್ಲ.

ಮೊದಲು ಗಾಳಿ ಲೆಕ್ಕ ಸ್ವಲ್ಪ ತಿಳ್ಕೊಂಡ್ರೆ ಒಳ್ಳೇದು. ಗಾಳಿ ವೇಗ ಎರಡರಷ್ಟಾದ್ರೆ ಒತ್ತಡ ನಾಲ್ಕರಷ್ಟಾಗುತ್ತೆ. ಗಂಟೆಗೆ 20 ಮೈಲಿ ಗಾಳಿ ಒಂದು ಚದರ ಮೀಟರ್ ಬಟ್ಟೆ ಮೇಲೆ ಹೆಚ್ಚುಕಮ್ಮಿ 5 ಕೆಜಿ ಭಾರದಷ್ಟು ತಳ್ಳಿದ್ರೆ 40 ಮೈಲಿದು 20 ಕೆಜಿಯಷ್ಟು ತಳ್ಳುತ್ತೆ. 2.6 ಮೀಟರ್ ಅಗಲದ ಆನಿಂಗಿನ ಮುಂದಿನ ಗೋಡೆ ಸುಮಾರು 6 ಚದರ ಮೀಟರ್ ಅಂದ್ಕೊಳ್ಳಿ, ಅದರ ಮೇಲೆ 120 ಕೆಜಿ. ಚಿತ್ರದುರ್ಗದ ಕಡೆ ಆಷಾಢದ ಗಾಳಿ ಕಂಡೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಹವಾಮಾನ ವರದಿ ನೋಡುವಾಗ ಸರಾಸರಿ ವೇಗ ನೋಡ್ಬೇಡಿ, ಗಸ್ಟ್ (ಇದ್ದಕ್ಕಿದ್ದಂತೆ ಜೋರಾಗಿ ಬೀಸೋ ಗಾಳಿ) ಅಂತ ಪಕ್ಕದಲ್ಲಿ ಕೊಟ್ಟಿರ್ತಾರಲ್ಲ ಅದನ್ನ ನೋಡಿ, ಆನಿಂಗ್ ಹರಿಯೋದು ಅದರಿಂದಾನೇ.

ಈಗ ಸ್ಟೀಲ್ ಕಂಬದ್ದು. ಭಾರ, ನಿಲ್ಲಿಸೋಕೆ ಇಬ್ಬರು ಬೇಕು, ಯಾವ ಕಂಬ ಎಲ್ಲಿಗೆ ಅಂತ ಬಣ್ಣದ ಟೇಪ್ ಸುತ್ತಿಟ್ಕೊಂಡಿಲ್ಲ ಅಂದ್ರೆ ಅರ್ಧ ಮಧ್ಯಾಹ್ನ ಅಲ್ಲೇ ಹೋಗುತ್ತೆ. ಆದ್ರೆ ಬಟ್ಟೆನ ಬಿಗಿ ಮಾಡೋ ವಿಷಯದಲ್ಲಿ ಇದಕ್ಕೆ ಸಾಟಿ ಇಲ್ಲ. ಪ್ರತಿ ಕಂಬವನ್ನೂ ಒಂದೊಂದು ಇಂಚು ಎಳೆದು ಲಾಕ್ ಮಾಡಬಹುದು, ಚಾವಣಿ ಎಳೆದು ಕಟ್ಟಿದ ಹಾಗೆ ನಿಲ್ಲುತ್ತೆ, ಮಳೆ ನೀರು ನಿಲ್ಲಲ್ಲ, ಬಟ್ಟೆ ಪಟಪಟ ಹೊಡ್ಕೊಳ್ಳಲ್ಲ. ಇದರ ಕಷ್ಟ ಏನಂದ್ರೆ ಜೋರು ಗಸ್ಟ್ ಬಂದಾಗ ಸ್ಟೀಲ್ ಒಂದು ಮಟ್ಟದವರೆಗೆ ತಡ್ಕೊಳ್ಳುತ್ತೆ, ಆಮೇಲೆ ಬಗ್ಗುತ್ತೆ, ಬಗ್ಗಿದ್ದು ಬಗ್ಗಿದ್ದೇ, ಒಂದರೊಳಗೆ ಒಂದು ಸರಿಯೋ ಕಂಬ ಆಮೇಲೆ ಮಡಚೋಕೂ ಆಗಲ್ಲ. ಫೈಬರ್‌ಗ್ಲಾಸ್ ಬಗ್ಗೆ ಒಂದೇ ಮಾತು, ಹಗುರ, ಅಗ್ಗ, ಆದ್ರೆ ಕೊಳವೆಗಳು ಜೋಡಣೆ ಆಗೋ ಜಾಗದಲ್ಲಿ ಸೀಳು ಬಿಡುತ್ತೆ, ಸಮುದ್ರದ ದಡಕ್ಕೆ ಅದನ್ನ ನಾನು ಒಯ್ಯಲ್ಲ.

ಏರ್ ಆನಿಂಗ್ ಗಸ್ಟಿಗೆ ಬಾಗುತ್ತೆ, ಗಸ್ಟ್ ಹೋದ್ಮೇಲೆ ಮತ್ತೆ ನೆಟ್ಟಗಾಗುತ್ತೆ. ಒಳಗೆ ಕೂತು ನೋಡಿದ್ರೆ ಮೊದಲ ಸಲ ಭಯ ಆಗುತ್ತೆ, ಇಡೀ ಮುಂಭಾಗ ಒಳಕ್ಕೆ ಬಂದು ಹೋಗುತ್ತೆ, ಆದ್ರೆ ಮುರಿಯೋಕೆ ಅಲ್ಲಿ ಕಂಬನೇ ಇಲ್ಲ. ಒಬ್ಬರೇ ಹಾಕಬಹುದು. ಪಂಪಲ್ಲಿ ಎಷ್ಟು ಒತ್ತಡ ಅಂತ ಲೇಬಲ್ ಮೇಲೆ ಬರೆದಿರುತ್ತೆ, ಸಾಮಾನ್ಯವಾಗಿ 7ರಿಂದ 9 ಪಿಎಸ್‌ಐ, ಗಾಳಿ ಇರೋ ದಿನ ಅದಕ್ಕಿಂತ ಕಡಿಮೆ ತುಂಬಿದ್ರೆ ಬೀಮ್ (ಕಂಬದ ಬದಲಿಗಿರೋ ಗಾಳಿ ಕೊಳವೆ) ಮೆತ್ತಗಾಗಿ ಬಟ್ಟೆ ಕುಣಿಯುತ್ತೆ. ರಾತ್ರಿ ತಣ್ಣಗಾದ್ರೆ ಒತ್ತಡ ಇಳಿಯುತ್ತೆ, ಅದಕ್ಕೆ ಮಲಗೋ ಮುಂಚೆ ಒಂದ್ಸಲ ಕೈಯಿಂದ ಒತ್ತಿ ನೋಡ್ಬೇಕು. ಇದರ ದೊಡ್ಡ ಕೊರತೆ ಅಂದ್ರೆ ಕ್ಯಾರವಾನಿನ ಗೋಡೆಗೆ ಅಂಟ್ಕೊಳ್ಳೋ ಅಂಚು, ಕಂಬದ್ದರಷ್ಟು ಗಟ್ಟಿಯಾಗಿ ಒತ್ತಿ ಕೂರಲ್ಲ.

ನನ್ನ ಅನುಭವದಲ್ಲಿ ಗಾಳಿಗೆ ಆನಿಂಗ್ ಸೋಲೋದು ಶುರುವಾಗೋದು ಮುಂಭಾಗದಿಂದ ಅಲ್ಲ, ಈ ಹಿಂದಿನ ಎರಡು ಅಂಚು ಮತ್ತೆ ಕ್ಯಾರವಾನ್ ಕೆಳಗಿನ ಸಂದಿಯಿಂದ. ಗಾಳಿ ಎಲ್ಲೋ ಒಂದು ಕಡೆ ಒಳಗೆ ನುಗ್ಗಿದ್ರೆ ಹೋಗೋಕೆ ದಾರಿ ಇಲ್ಲದೆ ಚಾವಣಿನ ಮೇಲಕ್ಕೆ ಎತ್ತುತ್ತೆ, ಆಗ ಗೂಟ ಕೀಳುತ್ತೆ. ಹಾಗಾಗಿ ಕಂಬದ್ದಾ ಏರ್‌ದಾ ಅನ್ನೋದಕ್ಕಿಂತ ಈ ಸಂದಿಗಳನ್ನ ಹೇಗೆ ಮುಚ್ತೀರಿ ಅನ್ನೋದು ನನಗೆ ದೊಡ್ಡ ಪ್ರಶ್ನೆ. ಇದಕ್ಕೂ ಬೇರೆ ಬೇರೆ ದಾರಿ ನೋಡಿದೀನಿ. ಒಂದು, ಹಿಂದಿನ ಅಂಚಿಗೆ ಫೋಮ್ ಪ್ಯಾಡ್ ಇಟ್ಟು ಅದನ್ನ ನೆಟ್ಟನೆ ಕಂಬದಿಂದ ಗೋಡೆಗೆ ಒತ್ತೋದು. ಇನ್ನೊಂದು, ಗೋಡೆಗೆ ಕಚ್ಚಿಕೊಳ್ಳೋ ರಬ್ಬರ್ ಸಕ್ಷನ್ ಕಪ್ಪುಗಳಿಂದ ಅಂಚನ್ನ ಹಿಡಿಸೋದು. ಸಕ್ಷನ್ ಕಪ್ ಗೋಡೆ ಒರೆಸಿ ಒಣಗಿಸಿ ಹಾಕಿದ್ರೆ ಸಾಧಾರಣ ಗಾಳಿಗೆ ಚೆನ್ನಾಗೇ ಹಿಡಿಯುತ್ತೆ, ಆದ್ರೆ ರಾತ್ರಿ ಇಬ್ಬನಿ ಬಿದ್ದು ಚಳಿಯಾದ್ರೆ ಒಂದೊಂದಾಗಿ ಬಿಡುತ್ತೆ. ಕಂಬ ಮತ್ತೆ ಪ್ಯಾಡೇ ವಾಸಿ, ಏರ್ ಆನಿಂಗಿಗೂ ಈ ಹಿಂದಿನ ಕಂಬಗಳನ್ನ ಬೇರೆಯಾಗಿ ಕೊಂಡು ಹಾಕಬಹುದು, ನಾನು ಈಗ ಮಾಡ್ತಿರೋದು ಅದನ್ನೇ, ಅದಾದ್ಮೇಲೆ ಕೊರತೆ ಮುಕ್ಕಾಲು ಪಾಲು ಹೋಯ್ತು.

ಆದ್ರೆ ಪ್ಯಾಡ್ ಕೂರೋ ಜಾಗ ಸಪಾಟಾಗಿರಬೇಕು. ಕಿಟಕಿ, ಲಾಕರ್ ಬಾಗಿಲು, ಹಿಡಿಕೆ ಇವುಗಳ ಮೇಲೆ ಅಂಚು ಬಂದ್ರೆ ಯಾವ ಕಂಪನಿ ಆನಿಂಗ್ ಆದ್ರೂ ಸಂದಿ ಮುಚ್ಚಲ್ಲ. 2 ಮೀಟರ್, 2.6, 3.3, 3.9 ಅಂತ ಅಗಲ ಸಿಗುತ್ತಲ್ಲ, ದುಡ್ಡು ನೋಡಿ ಆರಿಸೋ ಮುಂಚೆ ಟೇಪ್ ಹಿಡಿದು ಕ್ಯಾರವಾನ್ ಗೋಡೆ ಮೇಲೆ ಎರಡು ಅಂಚೂ ಎಲ್ಲಿ ಬೀಳುತ್ತೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ ನೋಡಿ. ಹಾಗೇ ಫ್ರಿಜ್ಜಿನ ಹೊಗೆ ಹೋಗೋ ವೆಂಟ್ ಎಲ್ಲಿದೆ ಅಂತಾನೂ ನೋಡ್ಕೊಳ್ಳಿ, ಅದನ್ನ ಮುಚ್ಚಬಾರದು, ಮತ್ತೆ ಇಷ್ಟು ಬಿಗಿಯಾಗಿ ಮುಚ್ಚಿದ ಆನಿಂಗ್ ಒಳಗೆ ಇದ್ದಿಲ ಒಲೆ ಬಾರ್ಬೆಕ್ಯೂ ಯಾವುದನ್ನೂ ತರಬೇಡಿ, ಆರಿದ ಮೇಲೂ ಕಾರ್ಬನ್ ಮೊನಾಕ್ಸೈಡ್ ಬರ್ತಾನೇ ಇರುತ್ತೆ.

ಕೆಳಗಿನ ಸಂದಿಗೆ ಡ್ರಾಫ್ಟ್ ಸ್ಕರ್ಟ್ (ಕ್ಯಾರವಾನಿನ ಕೆಳ ಅಂಚಿಂದ ನೆಲದವರೆಗೆ ಇಳಿಬಿಡೋ ಬಟ್ಟೆ ಪಟ್ಟಿ) ಮತ್ತೆ ಚಕ್ರದ ಕವರ್. ಈ ಎರಡನ್ನೂ ತುಂಬಾ ಜನ ಚೀಲದಲ್ಲೇ ಬಿಟ್ಟಿರ್ತಾರೆ, ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ. ಕ್ಯಾರವಾನ್‌ನೇ ಗಾಳಿಗೆ ಅಡ್ಡ ನಿಲ್ಲಿಸಿ ಮರೆ ಮಾಡ್ಕೊಂಡಿದೀವಿ ಅಂದ್ಕೊಂಡ್ರೂ ಗಾಳಿ ಚಾಸಿ ಕೆಳಗಿಂದ ಜೋರಾಗಿ ಬರುತ್ತೆ, ಸ್ಕರ್ಟ್ ಇಲ್ಲದಿದ್ರೆ ಸೀದಾ ಒಳಗೇ. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ, ಕ್ಯಾರವಾನ್ ಬಾಗಿಲು ಎಡಗಡೆ, ಹಾಗಾಗಿ ಬಲಬದಿನ ನೈಋತ್ಯಕ್ಕೆ ತಿರುಗಿಸಿದ್ರೆ ಆನಿಂಗ್ ಮರೆಯಲ್ಲಿರುತ್ತೆ, ಆದ್ರೆ ಕ್ಯಾರವಾನ್ ಕ್ಲಬ್ಬುಗಳ ಸೈಟುಗಳಲ್ಲಿ ಬಿಳಿ ಗೂಟದ ಹತ್ರ ಕ್ಯಾರವಾನ್ ಮೂಲೆ ಬರಬೇಕು, ಪಕ್ಕದೋರ ಜೊತೆ 6 ಮೀಟರ್ ಅಂತರ ಇರಬೇಕು ಅಂತ ನಿಯಮ ಇರೋದ್ರಿಂದ ಬೇಕಾದ ಕಡೆ ತಿರುಗಿಸೋಕೆ ಎಲ್ಲಾ ಸಲ ಆಗಲ್ಲ. ಸ್ಕರ್ಟ್ ಒಂದೇ ಯಾವಾಗಲೂ ನಮ್ಮ ಕೈಯಲ್ಲಿರೋದು.

ಮೇಲೆ ರೇಲಿಗೆ (ಆನಿಂಗ್ ಅಂಚು ತೂರಿಸೋಕೆ ಕ್ಯಾರವಾನ್ ಗೋಡೆಲಿರೋ ಉದ್ದನೆ ಗಾಡಿ) ಬಟ್ಟೆ ಸೇರಿಸೋ ಮುಂಚೆ ರೇಲ್ ಒರೆಸಿ ಸಿಲಿಕೋನ್ ಸ್ಪ್ರೇ ಹೊಡೀರಿ, ಎರಡು ತುದಿಗೂ ರೇಲ್ ಸ್ಟಾಪರ್ ಹಾಕಿ, ಇಲ್ಲ ಅಂದ್ರೆ ರಾತ್ರಿ ಪೂರ್ತಿ ಆನಿಂಗ್ ಒಂದು ಕಡೆಗೆ ಜರುಗ್ತಾ ಕಿರಿಕಿರಿ ಸದ್ದು ಮಾಡುತ್ತೆ. ಗೂಟ ಹೊಡೆಯುವಾಗ ಎಲ್ಲಾ ಜಿಪ್ಪೂ ಮುಚ್ಚಿರಬೇಕು, ಹಿಂದಿನ ಎರಡು ಮೂಲೆ ಮೊದಲು, ಅದು ಕ್ಯಾರವಾನಿಗೆ ಒತ್ತಿಕೊಂಡಿರೋ ಹಾಗೆ, ಆಮೇಲೆ ಮುಂದಿನದು.

ಗೂಟದಲ್ಲಿ ಆನಿಂಗ್ ಜೊತೆ ಬರೋ ತಂತಿ ಗೂಟ ಹುಲ್ಲಿಗೆ ಪರವಾಗಿಲ್ಲ ಅಷ್ಟೇ. ಜಲ್ಲಿ ಹಾಕಿದ ಪಿಚ್ಚಿಗೆ (ಕ್ಯಾರವಾನ್ ನಿಲ್ಲಿಸೋ ಜಾಗ) ರಾಕ್ ಪೆಗ್ ಅನ್ನೋ ಗಟ್ಟಿ ಗೂಟ ಹೊಡೆದೂ ನೋಡಿದೀನಿ, ಡ್ರಿಲ್ಲಲ್ಲಿ ತಿರುಗಿಸೋ ಸ್ಕ್ರೂ ಗೂಟಾನೂ ನೋಡಿದೀನಿ, ಸ್ಕ್ರೂ ಗೆದ್ದಿದೆ. ದುಬಾರಿ ಅನ್ನಿಸಿದ್ರೆ ಹಾರ್ಡ್‌ವೇರ್ ಅಂಗಡಿಲಿ 10 ಎಂಎಂ ಕೋಚ್ ಸ್ಕ್ರೂ (ಆರು ಮೂಲೆ ತಲೆಯ ದಪ್ಪ ಮರದ ಸ್ಕ್ರೂ) ತಗೊಳ್ಳಿ, 17 ಎಂಎಂ ಸಾಕೆಟ್ ಕೂರುತ್ತೆ, ಒಂದು ದೊಡ್ಡ ವಾಷರ್ ಮತ್ತೆ ಕೊಕ್ಕೆ ಸೇರಿಸಿದ್ರೆ ಅದೇ ಕೆಲಸ. ಸ್ಟಾರ್ಮ್ ಸ್ಟ್ರ್ಯಾಪಲ್ಲಿ (ಜೋರು ಗಾಳಿಗೆ ಆನಿಂಗನ್ನ ನೆಲಕ್ಕೆ ಬಿಗಿಯೋ ಪಟ್ಟಿ) ಸ್ಪ್ರಿಂಗ್ ಇರೋದೇ ತಗೊಳ್ಳಿ, ಸರಕು ಕಟ್ಟೋ ರಾಟ್ಚೆಟ್ ಬೆಲ್ಟ್ ಹಾಕಿ ಬಿಗಿದೋರನ್ನ ನೋಡಿದೀನಿ, ಗಸ್ಟಿಗೆ ಕೊಡೋಕೆ ಎಲ್ಲೂ ಸಡಿಲ ಇಲ್ಲದೆ ಹೊಲಿಗೆ ಕಿತ್ತು ಬರುತ್ತೆ.

ಎರಡರಲ್ಲಿ ಒಂದು ಹೇಳಿ ಅಂದ್ರೆ ವಾರಗಟ್ಟಲೆ ಒಂದೇ ಕಡೆ ಇರೋರಿಗೆ ಸ್ಟೀಲ್, ವೀಕೆಂಡ್ ಸಮುದ್ರದ ಕಡೆ ಓಡೋ ನಮ್ಮಂಥೋರಿಗೆ ಹಿಂದಿನ ಕಂಬ ಸೇರಿಸಿದ ಏರ್. ಬಾಗಿ ಏಳುತ್ತೆ ಅನ್ನೋದು ಒಂದು ಕಾರಣ, ಬೇಗ ಬಿಚ್ಚಬಹುದು ಅನ್ನೋದು ಅದಕ್ಕಿಂತ ದೊಡ್ಡದು, ಯಾಕಂದ್ರೆ ಗಸ್ಟ್ 40 ಮೈಲಿ ಅಂತ ಬಂದ್ರೆ ನಾನು ಯಾವ ಆನಿಂಗನ್ನೂ ನಿಲ್ಲಿಸಿಡಲ್ಲ, ಗ್ಯಾರಂಟಿಯಲ್ಲಿ ಗಾಳಿ ಹಾನಿ ಸಾಮಾನ್ಯವಾಗಿ ಸೇರಿರಲ್ಲ. ಕತ್ತಲಾಗೋ ಮುಂಚೆ ಇಳಿಸಿ, ಗಾಳಿ ಬರೋ ಕಡೆಯ ಗೂಟಗಳನ್ನ ಹಾಗೇ ಬಿಟ್ಟು ವಾಲ್ವ್ ತೆಗೀರಿ, ಬಟ್ಟೆ ನೆಲಕ್ಕೆ ಬಿದ್ದ ಮೇಲೆ ಒಬ್ಬರು ಅದರ ಮೇಲೆ ಕೂತ್ಕೊಳ್ಳಿ, ಆ ಗೂಟ ಕೀಳೋದು ಕೊನೇಗೆ.