ಪುನಶ್ಚೇತನ ಕೇಂದ್ರವೋ, ಅಂಗನವಾಡಿಯೋ?

ಕಬ್ಬು ಕಟಾವಿನ ದಿನಗಳಲ್ಲಿ ಮಂಡ್ಯದ ಕೂಲಿ ತಾಯಿಗೆ ‘ಎರಡು ವಾರ ಮಗುವಿನ ಜೊತೆ ಆಸ್ಪತ್ರೆಯಲ್ಲಿರು’ ಎನ್ನುವುದು ಸುಲಭದ ಮಾತಲ್ಲ. ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು ಆಸ್ಪತ್ರೆಯಲ್ಲಿ ಇರಿಸಿಕೊಂಡು ಆರೈಕೆ ಮಾಡುವ ಪೌಷ್ಟಿಕ ಪುನಶ್ಚೇತನ ಕೇಂದ್ರ ಕೇಳುವುದು ಅದನ್ನೇ. ಕೂಲಿ ನಷ್ಟಕ್ಕೆ ಭತ್ಯೆ ಉಂಟು, ನಿಜ. ಕೊಟ್ಟಿಗೆಯ ಹಸುವಿಗೆ ಹುಲ್ಲು ಹಾಕುವವರು ಯಾರು?

ಅಂಗನವಾಡಿ ಮನೆಯ ಹತ್ತಿರ. ತೂಕ, ಮೊಟ್ಟೆ, ಹಾಲು, ಕಾರ್ಯಕರ್ತೆಯ ಮನೆಭೇಟಿ ಎಲ್ಲವೂ ಅಲ್ಲೇ. ಬೇರೆ ಕಾಯಿಲೆಯಿಲ್ಲದ, ಹಸಿವಿರುವ ಮಗುವಿಗೆ ಅಷ್ಟು ಸಾಕೆಂದೇ 2023ರ ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಕೊರತೆ ಒಂದೇ: ಮನೆಗೆ ಕೊಟ್ಟ ‘ಪುಷ್ಟಿ’ ಎಂಬ ಪೌಷ್ಟಿಕ ಪುಡಿಯ ಪೊಟ್ಟಣ ಅಣ್ಣ, ಅಕ್ಕಂದಿರ ಬಾಯಿಗೂ ಹೋಗುತ್ತದೆ.

ಆರು ತಿಂಗಳು ದಾಟಿದ ಮಗುವಿನ ಮೇಲ್ತೋಳಿನ ನಡುಭಾಗದ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಆದರೆ ಎಲ್ಲಿಗೆ ಒಯ್ಯಬೇಕೆಂದು ಅಳತೆಪಟ್ಟಿಯೊಂದೇ ಹೇಳುವುದಿಲ್ಲ. ಎರಡೂ ಪಾದಗಳನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ನೋಡಿ. ಗುಳಿ ಹಾಗೆಯೇ ಉಳಿದರೆ, ಅಥವಾ ಕೊಟ್ಟ ತುತ್ತನ್ನು ಮಗು ಮುಖ ತಿರುಗಿಸಿ ಬೇಡವೆಂದರೆ, ಲೆಕ್ಕಾಚಾರ ಬಿಡಿ, ಪುನಶ್ಚೇತನ ಕೇಂದ್ರಕ್ಕೇ ಹೊರಡಿ. ಜ್ವರ, ನಿಲ್ಲದ ವಾಂತಿಭೇದಿ ಇದ್ದರೂ ಅಷ್ಟೇ. ಹಸು ನೆರೆಮನೆಯವರ ಪಾಲಿಗಿರಲಿ.