ಡಿಸೀವರ್ ಕಟ್ಟೋದಾ, ಕ್ಲೌಸರ್ ಕಟ್ಟೋದಾ?

ಉಪ್ಪುನೀರಿಗೆ ಮೊದಲ ಫ್ಲೈ (ಮೀನು ಹಿಡಿಯಲು ಗಾಳಕ್ಕೆ ಗರಿ, ಕೂದಲು ಕಟ್ಟಿ ಮಾಡುವ ನಕಲಿ ಎರೆ) ಯಾವುದು ಅಂತ ಯೋಚಿಸುತ್ತಿದ್ದರೆ, ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿ.

ಲೆಫ್ಟೀಸ್ ಡಿಸೀವರ್ ಹುಟ್ಟಿದ್ದು 1950ರ ದಶಕದ ಕೊನೆಯಲ್ಲಿ, ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ. ಲೆಫ್ಟಿ ಕ್ರೇ ಅದನ್ನು ಕಟ್ಟಿದ್ದು ಪಟ್ಟೆ ಬಾಸ್ ಮೀನಿಗೆ. ಗಾಳದ ಹಿಂಭಾಗದಲ್ಲಿ ಹುಂಜದ ಉದ್ದ ಗರಿಗಳು, ಮುಂದೆ ಕೊರಳಪಟ್ಟಿಯ ಹಾಗೆ ಜಿಂಕೆ ಬಾಲದ ಕೂದಲು. ಹೀಗೆ ಕಟ್ಟಿದರೆ ದಾರ ಬೀಸುವಾಗ ಗರಿ ಗಾಳಕ್ಕೆ ಸುತ್ತಿಕೊಳ್ಳುವುದು ಕಡಿಮೆ. ನೀರಿನಿಂದ ಎತ್ತಿದ ಕೂಡಲೇ ಗರಿಗಳು ಒತ್ತಿಕೊಂಡು ಸಪೂರ ಆಗುತ್ತವೆ, ಗಾಳಿಯಲ್ಲಿ ಸಲೀಸಾಗಿ ಸಾಗುತ್ತದೆ. 1991ರಲ್ಲಿ ಇದು ಅಮೆರಿಕದ ಅಂಚೆಚೀಟಿಯ ಮೇಲೂ ಬಂತು!

ಕ್ಲೌಸರ್ ಡೀಪ್ ಮಿನೋ 1980ರ ದಶಕದ್ದು. ಬಾಬ್ ಕ್ಲೌಸರ್ ಮಾಡಿದ್ದು ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾ ನದಿಯ ಬಾಸ್ ಮೀನಿಗೆ, ಆಮೇಲೆ ಸಮುದ್ರಕ್ಕೂ ಇಳಿಯಿತು. ಗುಟ್ಟೆಲ್ಲ ಡಂಬೆಲ್ ಆಕಾರದ ಲೋಹದ ಕಣ್ಣುಗಳಲ್ಲಿದೆ. ಆ ಭಾರಕ್ಕೆ ಫ್ಲೈ ಮಗುಚಿ, ಗಾಳದ ಮೊನೆ ಮೇಲಾಗುತ್ತದೆ. ತಳದ ಕಲ್ಲಿಗೆ ಸಿಕ್ಕಿಕೊಳ್ಳುವುದೂ ಕಡಿಮೆ. ದಾರ ಎಳೆದು ಸುಮ್ನೆ ನಿಲ್ಲಿಸಿ ನೋಡಿ: ಗಾಯಗೊಂಡ ಮರಿಮೀನಿನ ಹಾಗೆ ತಲೆ ತಗ್ಗಿಸಿ ಇಳಿಯುತ್ತದೆ. ಮೀನು ಜಾಸ್ತಿ ಕಚ್ಚುವುದು ಆಗಲೇ.

ಆದರೆ ಬೀಸುವಾಗ ಆ ಭಾರವೇ ಕಾಡುತ್ತದೆ. ಫ್ಲೈ ಕಣ್ಣಿಗೆ ಬಡಿದೀತು, ಕನ್ನಡಕ ಹಾಕದೆ ಬೀಸಲೇಬೇಡಿ. ಹೊಸಬರಿಗೆ ನಾನು ಡಿಸೀವರನ್ನೇ ಹೇಳುತ್ತೇನೆ. ಮೀನು ಆಳದಲ್ಲಿ ತಳ ಹಿಡಿದಿದ್ದರೆ ಮಾತ್ರ ಕ್ಲೌಸರ್.